ವಯಸ್ಸು, ನೌಕರಿ ಮತ್ತು ಹೊಸ ಉದ್ಯಮ: ಪದೇ ಪದೇ ಕೇಳುವ ಪ್ರಶ್ನೆಗಳು

‘ಈ ವಯಸ್ಸಲ್ಲಿ ಶುರು ಮಾಡಬಹುದಾ?’ ಹೊಸ ಉದ್ಯಮದ ಮಾತು ಬಂದರೆ ಮೊದಲು ಬರುವ ಪ್ರಶ್ನೆ ಇದು. 22ರವರೂ ಕೇಳುತ್ತಾರೆ, 58ರವರೂ ಕೇಳುತ್ತಾರೆ. ಅದರ ಬೆನ್ನಿಗೇ ಇನ್ನೊಂದು: ‘ಇರುವ ಕೆಲಸ ಬಿಡಬೇಕಾ?’ ಇವೆರಡನ್ನೂ ಬಿಡಿಬಿಡಿಯಾಗಿ ನೋಡಿದರೆ ಲೆಕ್ಕ ತಪ್ಪುತ್ತದೆ. 45ರಲ್ಲಿ ಕೈತುಂಬ ಸಂಬಳ ಇರುವವರ ಪಾಡು ಒಂದು. ಅದೇ 45ರಲ್ಲಿ ಕೆಲಸ ಕಳೆದುಕೊಂಡವರ ಪಾಡು ಇನ್ನೊಂದು. ಆದ್ದರಿಂದ ಇಲ್ಲಿ ಎರಡನ್ನೂ ಒಟ್ಟಿಗೇ ಇಟ್ಟುಕೊಂಡಿದ್ದೇವೆ.

ಹೊಸತನದ ಉದ್ಯಮ ಅಂದರೆ ಯಾವುದು? ಎಲ್ಲ ಉದ್ಯಮವೂ ಹೊಸದೇ ಅಲ್ವಾ?

ಅಲ್ಲ. ಹತ್ತು ಜನ ಈಗಾಗಲೇ ಮಾಡುತ್ತಿರುವುದನ್ನು ಹನ್ನೊಂದನೆಯವರಾಗಿ ಮಾಡುವುದೂ ಉದ್ಯಮವೇ, ಅದರಲ್ಲಿ ತಪ್ಪೇನಿಲ್ಲ. ಹೊಸತನ ಬೇರೆ ಮಾತು. ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ 1911ರಲ್ಲಿ ಅದಕ್ಕೆ ಐದು ಬಗೆ ಹೇಳಿದರು: ಹೊಸ ಸರಕು, ತಯಾರಿಸುವ ಹೊಸ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾ ವಸ್ತುವಿನ ಹೊಸ ಮೂಲ, ವ್ಯವಹಾರವನ್ನು ಕಟ್ಟುವ ಹೊಸ ರೀತಿ. ಆಗ ಅವರಿಗೆ 28 ವರ್ಷ.

ಈ ವ್ಯತ್ಯಾಸ ಯಾಕೆ ಬೇಕು ಅಂದರೆ, ಗೊತ್ತಿರುವ ವ್ಯವಹಾರದಲ್ಲಿ ಪಕ್ಕದವರನ್ನು ನೋಡಿ ಲಾಭ ನಷ್ಟ ಅಂದಾಜು ಮಾಡಬಹುದು. ಹೊಸದರಲ್ಲಿ ನೋಡೋಕೆ ಪಕ್ಕದವರೇ ಇಲ್ಲ. ಹಣ ಬರುತ್ತದಾ, ಬಂದರೆ ಯಾವಾಗ, ಎರಡೂ ಗೊತ್ತಿಲ್ಲ. ‘ಯಾವಾಗ’ ಅನ್ನುವಲ್ಲಿ ವಯಸ್ಸು ನಡುವೆ ಬರುತ್ತದೆ. ‘ಅಲ್ಲಿಯವರೆಗೆ ಹೇಗೆ’ ಅನ್ನುವಲ್ಲಿ ನೌಕರಿ ಬರುತ್ತದೆ.

ಶುರು ಮಾಡಲು ಸರಿಯಾದ ವಯಸ್ಸು ಯಾವುದು?

ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆ ಅಡಗಿವೆ. ಯಾವ ವಯಸ್ಸಿನವರು ಜಾಸ್ತಿ ಶುರು ಮಾಡುತ್ತಾರೆ? ಯಾವ ವಯಸ್ಸಿನವರು ಜಾಸ್ತಿ ಗೆಲ್ಲುತ್ತಾರೆ? ಎರಡಕ್ಕೂ ಉತ್ತರ ಒಂದೇ ಅಲ್ಲ. ಗೊಂದಲ ಹುಟ್ಟುವುದೇ ಇಲ್ಲಿ.

ಮೊದಲನೆಯದಕ್ಕೆ 1999ರಿಂದ ನಡೆಯುತ್ತಿರುವ ಗ್ಲೋಬಲ್ ಆಂತ್ರಪ್ರನರ್‌ಶಿಪ್ ಮಾನಿಟರ್ ಎಂಬ ಸಮೀಕ್ಷೆ ಇದೆ. ಹಲವು ದೇಶಗಳಲ್ಲಿ 18ರಿಂದ 64 ವರ್ಷದವರನ್ನು ಮಾತಾಡಿಸುತ್ತಾರೆ. ಉದ್ಯಮ ಶುರು ಮಾಡುವ ಹಂತದಲ್ಲಿರುವವರನ್ನೂ, ಶುರುವಾಗಿ 42 ತಿಂಗಳು ದಾಟದ ಉದ್ಯಮದವರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಬಹುತೇಕ ಕಡೆ ಈ ಚಟುವಟಿಕೆ 25ರಿಂದ 44ರ ನಡುವೆ ಹೆಚ್ಚು. ಆಮೇಲೆ ಇಳಿಯುತ್ತದೆ.

ಎರಡನೆಯದಕ್ಕೆ ಪಿಯರ್ ಅಜೂಲೆ, ಬೆಂಜಮಿನ್ ಜೋನ್ಸ್ ಮತ್ತು ಜೊತೆಗಾರರ ಅಧ್ಯಯನ ನೋಡಬೇಕು. ಅಮೆರಿಕದ ಜನಗಣತಿ ಇಲಾಖೆಯ ದಾಖಲೆಗಳಿಂದ, 2007ರಿಂದ 2014ರವರೆಗೆ ಕಂಪನಿ ಕಟ್ಟಿದ ಸುಮಾರು 27 ಲಕ್ಷ ಜನರ ವಯಸ್ಸನ್ನು ಅವರು ತೆಗೆದು ನೋಡಿದರು. ಒಬ್ಬರಿಗಾದರೂ ಕೆಲಸ ಕೊಟ್ಟ ಕಂಪನಿಗಳನ್ನಷ್ಟೇ ಎಣಿಸಿದರು. ಶುರು ಮಾಡಿದಾಗಿನ ಸರಾಸರಿ ವಯಸ್ಸು ಸುಮಾರು 42. ಇನ್ನು, ಅತಿ ವೇಗವಾಗಿ ಬೆಳೆದ, ಸಾವಿರಕ್ಕೊಂದು ಅನ್ನುವಂಥ ಕಂಪನಿಗಳನ್ನಷ್ಟೇ ತೆಗೆದುಕೊಂಡರೆ ಸರಾಸರಿ ಇಳಿಯಲಿಲ್ಲ, 45ಕ್ಕೆ ಏರಿತು. ಕಂಪನಿಯನ್ನು ಒಳ್ಳೆ ಬೆಲೆಗೆ ಮಾರುವುದೋ ಷೇರುಪೇಟೆಗೆ ತರುವುದೋ ಆಗುವ ಸಾಧ್ಯತೆ, 30ರಲ್ಲಿ ಶುರು ಮಾಡಿದವರಿಗಿಂತ 50ರಲ್ಲಿ ಶುರು ಮಾಡಿದವರಿಗೆ ಸರಿಸುಮಾರು ದುಪ್ಪಟ್ಟು.

ಇದನ್ನು ಓದಿ 30ರವರು ಸುಮ್ನೆ ಕೂರಬೇಕಾಗಿಲ್ಲ. ಅದೇ ಅಧ್ಯಯನದ ಇನ್ನೊಂದು ಅಂಶ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ತಾವು ಕಾಲಿಡುವ ಕ್ಷೇತ್ರದಲ್ಲೇ ಕನಿಷ್ಠ ಮೂರು ವರ್ಷ ಕೆಲಸ ಮಾಡಿದ್ದವರು, ಅಂಥ ಅನುಭವ ಇಲ್ಲದವರಿಗಿಂತ ದೊಡ್ಡ ಗೆಲುವು ಕಾಣುವ ಸಾಧ್ಯತೆ 85% ಜಾಸ್ತಿ. ಅಂದರೆ ಕೂದಲು ನರೆತಿದ್ದು ಉಪಯೋಗಕ್ಕೆ ಬಂದದ್ದಲ್ಲ. ನರೆಯುವ ಹೊತ್ತಿಗೆ ಏನು ಕಲಿತಿದ್ದರು ಅನ್ನೋದು ಬಂತು. ನಲವತ್ತೈದಾಗಿದ್ದರೂ ಗೊತ್ತೇ ಇಲ್ಲದ ಕ್ಷೇತ್ರಕ್ಕೆ ಇಳಿದರೆ ಆ ಸರಾಸರಿ ನಿಮ್ಮನ್ನು ಕಾಪಾಡುವುದಿಲ್ಲ.

ಹಾಗಾದರೆ ಕಾಲೇಜು ಬಿಟ್ಟ ಹುಡುಗರ ಕಥೆಗಳೇ ಯಾಕೆ ಎಲ್ಲ ಕಡೆ?

ಕಥೆಯಾಗಿ ಅದು ಚೆನ್ನಾಗಿರುತ್ತದೆ, ಅಷ್ಟೇ. 2007ರಲ್ಲಿ 22 ವರ್ಷದ ಮಾರ್ಕ್ ಜುಕರ್‌ಬರ್ಗ್ ಒಂದು ವೇದಿಕೆಯಲ್ಲಿ ‘ಚಿಕ್ಕ ವಯಸ್ಸಿನವರೇ ಹೆಚ್ಚು ಚುರುಕು’ ಎಂಬರ್ಥದ ಮಾತು ಹೇಳಿದ್ದರು. ಹಣ ಹೂಡುವವರಲ್ಲೂ ಈ ನಂಬಿಕೆ ಬೇರೂರಿದೆ. ತಮಾಷೆ ಏನೆಂದರೆ, 21ರಲ್ಲಿ ಆಪಲ್ ಶುರು ಮಾಡಿದ ಸ್ಟೀವ್ ಜಾಬ್ಸ್ ಹೆಸರೇ ಇದಕ್ಕೆ ಸಾಕ್ಷಿಯಾಗಿ ಬರುತ್ತದೆ. ಆದರೆ ಐಫೋನ್ ಅಂಗಡಿಗೆ ಬಂದಾಗ ಅವರಿಗೆ 52.

ಆಪಲ್ ಅನ್ನೇ ಇನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಯಂತ್ರ ಕಟ್ಟಿದ ಸ್ಟೀವ್ ವೋಜ್ನಿಯಾಕ್ ಆಗ ಎಚ್‌ಪಿಯಲ್ಲಿ ನೌಕರ. ಹಣ ಮತ್ತು ವ್ಯವಹಾರಜ್ಞಾನ ತಂದ ಮೈಕ್ ಮಾರ್ಕುಲಾಗೆ 34 ವರ್ಷ. ಇಂಟೆಲ್‌ನಲ್ಲಿ ಸಿಕ್ಕ ಷೇರುಗಳಿಂದ ಸಂಪಾದಿಸಿ ಆಗಲೇ ನಿವೃತ್ತರಾಗಿದ್ದವರು. ಒಬ್ಬರಿಗೆ ಕಳೆದುಕೊಳ್ಳಲು ಏನಿಲ್ಲ, ಒಬ್ಬರಿಗೆ ತಿಂಗಳ ಸಂಬಳ, ಒಬ್ಬರಿಗೆ ಕೂಡಿಟ್ಟ ಹಣ. ಹುಡುಗರ ಕಥೆ ಅಂತ ನಾವು ಹೇಳುವುದರ ಒಳಗೆ ಮೂರು ಥರದ ಜನ ಇದ್ದರು.

ವಯಸ್ಸಾದಂತೆ ಧೈರ್ಯ ಕಡಿಮೆಯಾಗುತ್ತದಾ?

ಧೈರ್ಯದ ಮಾತು ಅನ್ನುವುದಕ್ಕಿಂತ ಸಮಯದ ಮಾತು ಅನ್ನಿ. ಮೊರೆನ್ ಲೆವೆಕ್ ಮತ್ತು ಮರಿಯಾ ಮಿನ್ನಿಟಿ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ಇದನ್ನು ಸರಳವಾಗಿ ಬಿಡಿಸಿಟ್ಟರು. ನೌಕರಿಯಲ್ಲಿ ಇಂದು ದುಡಿದರೆ ತಿಂಗಳ ಕೊನೆಗೆ ಹಣ ಬರುತ್ತದೆ. ಉದ್ಯಮದಲ್ಲಿ ಇಂದು ದುಡಿದದ್ದು ಐದು ವರ್ಷಕ್ಕೆ ಬರಬಹುದು, ಏಳಕ್ಕೆ ಬರಬಹುದು. ಮುಂದಿರುವ ವರ್ಷಗಳು ಕಡಿಮೆಯಾದಷ್ಟೂ ಒಂದೊಂದು ವರ್ಷದ ಬೆಲೆ ಏರುತ್ತದೆ. ಆಗ ಕಾಯುವ ಆಟಕ್ಕಿಂತ ಕೈಗೆ ಸಿಗುವ ಸಂಬಳವೇ ವಾಸಿ ಅನ್ನಿಸುತ್ತದೆ. ಇದು ಅಂಜಿಕೆ ಅಲ್ಲ, ಲೆಕ್ಕ.

ಇದರ ಜೊತೆ ಸುತ್ತಲಿನವರ ಕಣ್ಣೂ ಇದೆ. 25ರಲ್ಲಿ ಎಡವಿದರೆ ‘ಕಲಿತ’ ಅನ್ನುತ್ತಾರೆ. 50ರಲ್ಲಿ ಎಡವಿದರೆ ‘ಈ ವಯಸ್ಸಲ್ಲಿ ಬೇಕಿತ್ತಾ’ ಅನ್ನುತ್ತಾರೆ. ಈ ಎರಡನೇ ಮಾತಿಗೆ ಹೆದರಿ ನಿಂತವರೇ ಹೆಚ್ಚಿರಬೇಕು ಅಂತ ನನ್ನ ಅನಿಸಿಕೆ.

ಒಳ್ಳೆ ಸಂಬಳದ ಕೆಲಸ ಇದ್ದರೆ ಅದು ಅಡ್ಡಿಯೋ, ಆಸರೆಯೋ?

ಎರಡೂ. ಅಡ್ಡಿ ಹೇಗೆ ಅಂತ ಎಲ್ಲರಿಗೂ ಗೊತ್ತು. ಸಂಬಳ ಏರಿದಷ್ಟೂ ಬಿಡುವ ಬೆಲೆ ಏರುತ್ತದೆ. ಸಂಬಳ ಮಾತ್ರ ಅಲ್ಲ, ಹುದ್ದೆ, ಪಿಂಚಣಿ, ವಿಮೆ, ಸಾಲದ ಕಂತು ಎಲ್ಲ ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವೆ. ವಯಸ್ಸು ಏರಿದಂತೆ ಸಂಬಳವೂ ಏರುವುದರಿಂದ, ಅನುಭವ ಹಣ್ಣಾಗುವ ಹೊತ್ತಿಗೇ ಬಿಡುವುದು ಅತಿ ದುಬಾರಿಯಾಗಿರುತ್ತದೆ. ಈ ವಿಷಯದ ಗಂಟು ಇರುವುದೇ ಇಲ್ಲಿ.

ಆಸರೆ ಹೇಗೆ? ಐಡಿಯಾ ಹುಟ್ಟುವ ಜಾಗ ಹೆಚ್ಚಾಗಿ ಕಚೇರಿಯೇ. ವೇಗವಾಗಿ ಬೆಳೆದ 100 ಕಂಪನಿಗಳ ಸಂಸ್ಥಾಪಕರನ್ನು ಅಮರ್ ಭಿಡೆ ಎಂಬ ಸಂಶೋಧಕರು ಮಾತಾಡಿಸಿದ್ದರು. ಅವರಲ್ಲಿ 71% ಜನ ಹಿಂದಿನ ಕೆಲಸದಲ್ಲಿ ಕಂಡ ಐಡಿಯಾವನ್ನೇ ನಕಲು ಮಾಡಿದ್ದರು ಇಲ್ಲವೇ ತಿದ್ದಿ ಬಳಸಿದ್ದರು. ಗ್ರಾಹಕ ಎಲ್ಲಿ ಗೊಣಗುತ್ತಾನೆ, ಯಾವ ಕೆಲಸಕ್ಕೆ ಸುಮ್ನೆ ಮೂರು ದಿನ ಹಿಡಿಯುತ್ತದೆ, ಕಂಪನಿ ಯಾವುದನ್ನು ‘ಲಾಭ ಇಲ್ಲ’ ಅಂತ ಮೂಲೆಗೆ ಎಸೆಯುತ್ತದೆ: ಇವೆಲ್ಲ ಒಳಗಿದ್ದವರಿಗೆ ಮಾತ್ರ ಕಾಣುತ್ತವೆ.

ಇದಕ್ಕೆ ಮಾರಿಸ್ ಚಾಂಗ್ ಅವರಿಗಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಚಿಪ್ ಕಂಪನಿಯಲ್ಲಿ 25 ವರ್ಷ ದುಡಿದವರು. ಚಿಪ್ ವಿನ್ಯಾಸ ಮಾಡಬಲ್ಲ ಎಂಜಿನಿಯರುಗಳು ಸ್ವಂತ ಕಂಪನಿ ಕಟ್ಟಬೇಕು ಅಂತ ಆಸೆಪಡುವುದನ್ನೂ, ಕಾರ್ಖಾನೆಯ ಖರ್ಚು ನೋಡಿ ಹಿಂದೆ ಸರಿಯುವುದನ್ನೂ ಕಂಡಿದ್ದರು. ಬೇರೆಯವರು ವಿನ್ಯಾಸ ಮಾಡಿದ ಚಿಪ್‌ಗಳನ್ನು ತಯಾರಿಸಿ ಕೊಡುವುದಷ್ಟೇ ಕೆಲಸವಾಗಿರುವ ಕಂಪನಿ ಯಾಕಿರಬಾರದು? 1987ರಲ್ಲಿ ತೈವಾನ್‌ನಲ್ಲಿ ಅವರು ಅಂಥದ್ದೇ ಕಂಪನಿ ಶುರು ಮಾಡಿದರು, ಹೆಸರು ಟಿಎಸ್‌ಎಂಸಿ. ಆಗ ಅವರಿಗೆ 55. ಆ ಕೊರತೆ 25ರ ಹರೆಯದ ಹೊರಗಿನವರಿಗೆ ಕಾಣುವಂಥದ್ದಲ್ಲ.

ದೊಡ್ಡ ಕಂಪನಿಯ ಕೆಲಸಕ್ಕೂ ಸಣ್ಣ ಕಂಪನಿಯ ಕೆಲಸಕ್ಕೂ ವ್ಯತ್ಯಾಸ ಇದೆಯಾ?

ಇದೆ. ಸಣ್ಣ ಕಂಪನಿಗಳಲ್ಲಿ ದುಡಿದ ವಿಜ್ಞಾನಿಗಳು ಮತ್ತು ಎಂಜಿನಿಯರುಗಳು ಸ್ವಂತ ಉದ್ಯಮಕ್ಕೆ ಇಳಿಯುವುದು ಜಾಸ್ತಿ ಅಂತ ಅಮೆರಿಕದ ಅಧ್ಯಯನಗಳು ತೋರಿಸಿವೆ. ಕಾರಣ ಊಹಿಸಬಹುದು. ಸಣ್ಣ ಕಡೆ ಒಬ್ಬರೇ ವಿನ್ಯಾಸ, ಮಾರಾಟ, ಬಿಲ್ಲು, ಜಗಳ ಎಲ್ಲ ನೋಡಬೇಕು. ದೊಡ್ಡ ಕಡೆ ಒಂದೇ ತಿರುಪನ್ನು ಹದಿನೈದು ವರ್ಷ ಚೆನ್ನಾಗಿ ತಿರುಗಿಸಬಹುದು. ಆದರೆ ಇನ್ನೊಂದೂ ಇದೆ. ಮುಂದೆ ಉದ್ಯಮ ಮಾಡಬೇಕು ಅನ್ನುವವರೇ ಮೊದಲಿಂದ ಸಣ್ಣ ಕಂಪನಿ ಆರಿಸಿಕೊಂಡಿರಬಹುದು.

ಕೆಲಸ ಬಿಟ್ಟೇ ಇಳಿಯಬೇಕಾ? ಎರಡು ದೋಣಿಯಲ್ಲಿ ಕಾಲಿಟ್ಟರೆ ಮುಳುಗುವುದಿಲ್ವಾ?

ಗಾದೆ ಹಾಗೆ ಹೇಳುತ್ತದೆ. ಅಂಕಿಅಂಶ ಬೇರೆ ಹೇಳುತ್ತದೆ. ಜೋಸೆಫ್ ರಾಫಿ ಮತ್ತು ಜೀ ಫೆಂಗ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸದಲ್ಲಿದ್ದುಕೊಂಡೇ ಉದ್ಯಮ ಶುರು ಮಾಡಿ ಆಮೇಲೆ ಪೂರ್ತಿ ಇಳಿದವರು, ನೇರವಾಗಿ ಕೆಲಸ ಬಿಟ್ಟು ಇಳಿದವರಿಗಿಂತ ಕೈಚೆಲ್ಲುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ಇತ್ತು. ಸಂಬಳ ಬರುತ್ತಿರುವಾಗ ‘ಇದು ನನಗೆ ಒಗ್ಗುತ್ತದಾ’ ಅಂತ ನೋಡಿಕೊಳ್ಳಬಹುದು. ಒಗ್ಗದವರು ಯಾರಿಗೂ ಗೊತ್ತಾಗದಂತೆ ನಿಲ್ಲಿಸುತ್ತಾರೆ. ಒಗ್ಗಿದವರಷ್ಟೇ ಮುಂದೆ ಹೋಗುತ್ತಾರೆ.

ವೋಜ್ನಿಯಾಕ್ ಹೀಗೇ ಮಾಡಿದರು. ಆಪಲ್ ಶುರುವಾದದ್ದು 1976ರ ಏಪ್ರಿಲ್‌ನಲ್ಲಿ. ಅವರು ಎಚ್‌ಪಿ ಬಿಟ್ಟದ್ದು ಆಮೇಲೆ, ಅದೂ ಮಾರ್ಕುಲಾ ಒತ್ತಾಯಿಸಿದ ಮೇಲೆ. ಪಿಯರ್ ಒಮಿಡ್ಯಾರ್ ಮುಂದೆ ಇಬೇ ಆದ ಹರಾಜು ತಾಣವನ್ನು 1995ರ ಸೆಪ್ಟೆಂಬರ್‌ನಲ್ಲಿ ತೆರೆದರು. ಕೆಲಸ ಬಿಟ್ಟದ್ದು 1996ರಲ್ಲಿ, ಅದರಿಂದ ಬರುವ ಹಣ ಸಂಬಳವನ್ನು ಮೀರಿದ ಮೇಲೆ.

ಎಲ್ಲ ಉದ್ಯಮಕ್ಕೂ ಇದು ಆಗದು ಅನ್ನೋದೂ ನಿಜ. ಪ್ರಯೋಗಾಲಯ ಬೇಕಾದದ್ದು, ಹಗಲು ಹೊತ್ತಲ್ಲೇ ಗ್ರಾಹಕರನ್ನು ಕಾಣಬೇಕಾದದ್ದು, ಬೇರೆಯವರು ಮೊದಲು ಬಂದುಬಿಟ್ಟರೆ ಮುಗಿದೇಹೋಗುವಂಥದ್ದು: ಇವಕ್ಕೆ ರಾತ್ರಿ ಮತ್ತು ಭಾನುವಾರ ಸಾಲದು.

ಕಂಪನಿಗೆ ಹೇಳದೆ ಮಾಡಬಹುದಾ?

ಮೊದಲು ನೇಮಕ ಪತ್ರ ಓದಿ. ಓದದೆ ಸಹಿ ಹಾಕಿರುತ್ತೀರಿ, ಎಲ್ಲರೂ ಹಾಕಿರುತ್ತಾರೆ. ಮೂರು ವಿಷಯ ಹುಡುಕಿ: ಬೇರೆ ದುಡಿಮೆಗೆ ಅವಕಾಶ ಇದೆಯಾ, ನೀವು ಕಂಡುಹಿಡಿದದ್ದು ಯಾರ ಸ್ವತ್ತು, ಬಿಟ್ಟ ಮೇಲೆ ಅದೇ ಕ್ಷೇತ್ರದಲ್ಲಿ ಸ್ಪರ್ಧೆ ಮಾಡಬಾರದು ಅಂತ ಕಟ್ಟುಪಾಡು ಇದೆಯಾ. ವೋಜ್ನಿಯಾಕ್ ತಮ್ಮ ಯಂತ್ರವನ್ನು ಮೊದಲು ಎಚ್‌ಪಿಗೇ ತೋರಿಸಿದ್ದರು. ಅವರು ಬೇಡ ಅಂದಮೇಲೆಯೇ ಮುಂದುವರಿದರು.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಸ್ಪರ್ಧೆ ಬೇಡ ಅನ್ನುವ ಷರತ್ತು ಸಾಮಾನ್ಯ ನೌಕರರ ಮೇಲೆ ನಡೆಯುವುದಿಲ್ಲ. ಅದರ ಬೇರು 1872ರ ಕಾನೂನಿನಲ್ಲಿದೆ. ಸ್ವೀಡನ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ 1997ರ ಕಾನೂನಿನಂತೆ ನೌಕರರು ಸ್ವಂತ ಉದ್ಯಮ ಶುರು ಮಾಡಲು ಆರು ತಿಂಗಳವರೆಗೆ ರಜೆ ಕೇಳಬಹುದು. ಆದರೆ ತಮ್ಮ ಕಂಪನಿಗೇ ಪೈಪೋಟಿ ಕೊಡುವಂತಿಲ್ಲ.

ಕೆಲಸ ಹೋಗಿದೆ. ಇದೇ ಸರಿಯಾದ ಸಮಯ ಅನ್ನುತ್ತಾರೆ. ಹೌದಾ?

ಅರ್ಧ ಹೌದು. ಬಿಟ್ಟುಕೊಡಲು ಸಂಬಳ ಇಲ್ಲ, ಸಮಯ ಇದೆ. ಆದರೆ ಹಣ ಕರಗುತ್ತಾ ಇರುತ್ತದೆ. ಅವಸರದಲ್ಲಿರುವವರು ಬೇಗ ಕಾಸು ಬರುವ, ಎಲ್ಲರಿಗೂ ಗೊತ್ತಿರುವ ವ್ಯವಹಾರಕ್ಕೆ ಕೈಹಾಕುತ್ತಾರೆ. ಅದು ಸಹಜ. ಹೊಸತನಕ್ಕೆ ಬೇಕಾದ ಪುರಸೊತ್ತು ಅಲ್ಲಿರುವುದಿಲ್ಲ. ಹೊಟ್ಟೆಪಾಡಿಗೆ ಶುರು ಮಾಡುವುದು, ಅವಕಾಶ ಕಂಡು ಶುರು ಮಾಡುವುದು ಅಂತ ಸಂಶೋಧಕರು ಎರಡು ಗುಂಪು ಮಾಡುವುದು ಇದಕ್ಕೇ.

ಆದರೆ ಗೆರೆ ಅಷ್ಟು ಗಟ್ಟಿಯಲ್ಲ. ರಾಬರ್ಟ್ ಸ್ವಾನ್ಸನ್‌ಗೆ 28 ವರ್ಷ, ಕೆಲಸ ಹೋಗಿ ನಿರುದ್ಯೋಗ ಭತ್ಯೆಯಲ್ಲಿ ದಿನ ದೂಡುತ್ತಿದ್ದರು. 1976ರ ಆರಂಭದಲ್ಲಿ ಹರ್ಬರ್ಟ್ ಬೋಯರ್ ಎಂಬ 39 ವರ್ಷದ ಪ್ರಾಧ್ಯಾಪಕರಿಗೆ ಫೋನ್ ಮಾಡಿ ಹತ್ತು ನಿಮಿಷ ಕೇಳಿದರು. ಮಾತು ಗಂಟೆಗಟ್ಟಲೆ ನಡೆಯಿತು. ಏಪ್ರಿಲ್‌ನಲ್ಲಿ ಜೆನೆಂಟೆಕ್ ಎಂಬ ಜೈವಿಕ ತಂತ್ರಜ್ಞಾನ ಕಂಪನಿ ಹುಟ್ಟಿತು. ಬೋಯರ್ ವಿಶ್ವವಿದ್ಯಾಲಯದ ಕೆಲಸ ಬಿಡಲಿಲ್ಲ, ಸ್ವಾನ್ಸನ್‌ಗೆ ಬಿಡಲು ಕೆಲಸವೇ ಇರಲಿಲ್ಲ. 1978ರಲ್ಲಿ ಬ್ಯಾಕ್ಟೀರಿಯಾದಿಂದ ಮನುಷ್ಯರ ಇನ್ಸುಲಿನ್ ತಯಾರಿಸಿ ತೋರಿಸಿದ ತಂಡ ಅವರ ಕಂಪನಿಯದು. ಒಬ್ಬರು ತಮ್ಮ ಪೂರ್ತಿ ಹೊತ್ತು ಕೊಟ್ಟರು, ಇನ್ನೊಬ್ಬರು ವರ್ಷಗಳ ವಿದ್ಯೆ ಕೊಟ್ಟರು.

ಕೆಲಸ ಹೋದವರ ಕಂಪನಿಗಳು ಜೊಳ್ಳು ಅನ್ನುವ ಮಾತಿಗೂ ಉತ್ತರ ಇದೆ. 2002ರಲ್ಲಿ ಫ್ರಾನ್ಸ್ ಒಂದು ನಿಯಮ ಬದಲಿಸಿತು. ನಿರುದ್ಯೋಗಿಗಳು ಕಂಪನಿ ಶುರು ಮಾಡಿ ಸೋತರೂ ಅವರ ಭತ್ಯೆಯ ಹಕ್ಕು ಉಳಿಯುತ್ತದೆ ಎಂದಿತು. ಹೊಸ ಕಂಪನಿಗಳು ಹೆಚ್ಚಾದವು. ಆ ಕಂಪನಿಗಳು ಮೊದಲಿನವುಗಳಿಗಿಂತ ಕಳಪೆಯಾಗಿರಲಿಲ್ಲ ಅಂತ ಆಮೇಲಿನ ಅಧ್ಯಯನ ಹೇಳಿತು.

ಮನೆಯವರ ಕೆಲಸ ಲೆಕ್ಕಕ್ಕೆ ಬರುತ್ತದಾ?

ಬಹಳ. ಸಂಸ್ಥಾಪಕರ ಕಥೆಯಲ್ಲಿ ಅತಿ ಕಡಿಮೆ ಹೇಳುವ ಭಾಗ ಇದು. ಜೇಮ್ಸ್ ಡೈಸನ್ 5,127 ಮಾದರಿ ಮಾಡಿದ ಮೇಲೆ ತಮ್ಮ ವ್ಯಾಕ್ಯೂಮ್ ಕ್ಲೀನರ್ ಸರಿಯಾಯಿತು ಅಂತ ಎಲ್ಲರೂ ಹೇಳುತ್ತಾರೆ. ಆ ವರ್ಷಗಳಲ್ಲಿ ಮನೆಗೆ ಆಸರೆಯಾದದ್ದು ಚಿತ್ರಕಲೆ ಕಲಿಸುತ್ತಿದ್ದ ಹೆಂಡತಿಯ ಸಂಬಳ. ನಿಮ್ಮ ನೌಕರಿ ಇದೆಯಾ ಅನ್ನುವುದರ ಜೊತೆಗೆ, ಮನೆಯಲ್ಲಿ ಒಂದಾದರೂ ನೌಕರಿ ಇದೆಯಾ ಅಂತಲೂ ಕೇಳಿಕೊಳ್ಳಬೇಕು.

ಕೆನಡಾದಲ್ಲಿ 2000ದ ಕೊನೆಯಲ್ಲಿ ಹೆರಿಗೆ ಮತ್ತು ಮಗುವಿನ ಆರೈಕೆಯ ರಜೆ ಸುಮಾರು ಒಂದು ವರ್ಷಕ್ಕೆ ಏರಿತು. ರಜೆ ಮುಗಿದ ಮೇಲೆ ಹಳೆಯ ಕೆಲಸ ಹಾಗೇ ಇರುತ್ತದೆ. ಉದ್ದ ರಜೆ ಸಿಕ್ಕ ತಾಯಂದಿರಲ್ಲಿ ಕೆಲವು ವರ್ಷಗಳ ಮೇಲೆ ಉದ್ಯಮಿಗಳಾದವರು ಹೆಚ್ಚಿದ್ದರು. ಮರಳುವ ಬಾಗಿಲು ತೆರೆದಿದೆ ಅಂತ ಗೊತ್ತಾದರೆ ಹೊರಗೆ ಕಾಲಿಡುವುದು ಸುಲಭ ಅಲ್ವಾ.

60 ದಾಟಿದ ಮೇಲೆ?

ಅಮೆರಿಕದಲ್ಲಿ ವಿಚಿತ್ರವೊಂದು ಕಂಡುಬಂದಿದೆ. 65 ತುಂಬುವ ಸ್ವಲ್ಪ ಮುಂಚೆ ಇರುವವರಿಗಿಂತ, ಆಗಷ್ಟೇ 65 ತುಂಬಿದವರಲ್ಲಿ ಸ್ವಂತ ವ್ಯವಹಾರ ಇರುವವರು ಜಾಸ್ತಿ. ಕೆಲವು ತಿಂಗಳಲ್ಲಿ ಯಾರ ಸ್ವಭಾವವೂ ಬದಲಾಗುವುದಿಲ್ಲ. ಬದಲಾಗುವುದು ಆರೋಗ್ಯ ವಿಮೆ. 65ಕ್ಕೆ ಸರ್ಕಾರದ ಮೆಡಿಕೇರ್ ಸಿಗುತ್ತದೆ, ಅಲ್ಲಿಯವರೆಗೆ ಅನೇಕರ ವಿಮೆ ಕಂಪನಿಯ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ವಯಸ್ಸಿನ ಪರಿಣಾಮ ಅಂತ ನಾವು ಅಂದುಕೊಂಡದ್ದರಲ್ಲಿ ಎಷ್ಟೋ ಪಾಲು ಹೀಗೆ ನೌಕರಿಯ ಗಂಟೇ ಆಗಿರುತ್ತದೆ.

ಓದುತ್ತಿರುವಾಗಲೇ ಶುರು ಮಾಡಬಹುದಾ?

ಮಾಡಬಹುದು. ಜವಾಬ್ದಾರಿ ಕಡಿಮೆ, ಸಮಯ ಧಾರಾಳ. ಕೊರತೆ ಒಂದೇ, ಯಾವ ಉದ್ದಿಮೆಯನ್ನೂ ಒಳಗಿಂದ ಕಂಡಿರುವುದಿಲ್ಲ. ಬಳಸುವವರೇ ತಯಾರಿಸುವವರಾದರೆ ಅದು ಅಷ್ಟು ಕಾಡುವುದಿಲ್ಲ. ಆಸ್ಪತ್ರೆಗೋ ಕಾರ್ಖಾನೆಗೋ ಮಾರುವಂಥದ್ದಾದರೆ ಕಾಡುತ್ತದೆ. ಆಗ ಆ ಕ್ಷೇತ್ರ ಬಲ್ಲ ಹಿರಿಯರೊಬ್ಬರನ್ನು ಪಾಲುದಾರರಾಗಿ ಸೇರಿಸಿಕೊಳ್ಳಿ.

ಇಡೀ ದೇಶಕ್ಕೇ ವಯಸ್ಸಾದರೆ?

ಜೇಮ್ಸ್ ಲಿಯಾಂಗ್, ಹುಯಿ ವಾಂಗ್ ಮತ್ತು ಎಡ್ವರ್ಡ್ ಲೇಜಿಯರ್ 2018ರಲ್ಲಿ ಈ ಬಗ್ಗೆ ಬರೆದರು. ಜನಸಂಖ್ಯೆಗೆ ವಯಸ್ಸಾದ ದೇಶಗಳಲ್ಲಿ ಉದ್ಯಮ ಶುರು ಮಾಡುವವರು ಕಡಿಮೆ. ವೃದ್ಧರು ಹೆಚ್ಚು ಅನ್ನುವುದಷ್ಟೇ ಇದಕ್ಕೆ ಕಾರಣವಲ್ಲ, ಅಲ್ಲಿನ ಯುವಕರೂ ಕಡಿಮೆ ಶುರು ಮಾಡುತ್ತಾರೆ. ಮೇಲಿನ ಕುರ್ಚಿಗಳಲ್ಲಿ ಹಿರಿಯರೇ ತುಂಬಿಕೊಂಡಿರುತ್ತಾರೆ. ಕಿರಿಯರಿಗೆ ನಿರ್ಧಾರ ತೆಗೆದುಕೊಳ್ಳುವ ಜಾಗ ಸಿಗುವುದೇ ತಡ. ಆ ಅನುಭವ ಕೈಗೆ ಬರುವ ಹೊತ್ತಿಗೆ ಅವರ ಹುಮ್ಮಸ್ಸಿನ ವರ್ಷಗಳು ಕಳೆದಿರುತ್ತವೆ.

ಸೋತರೆ ಮತ್ತೆ ಕೆಲಸ ಸಿಗುತ್ತದಾ? ಎಷ್ಟು ಕಳೆದುಕೊಳ್ಳುತ್ತೇನೆ?

ಮೊದಲು ಕಹಿ ಸುದ್ದಿ. ಬಾರ್ಟನ್ ಹ್ಯಾಮಿಲ್ಟನ್ 2000ದಲ್ಲಿ ತೋರಿಸಿದಂತೆ, ಹತ್ತು ವರ್ಷ ಸ್ವಂತ ವ್ಯವಹಾರ ಮಾಡಿದ ನಡುಮಟ್ಟದ ವ್ಯಕ್ತಿಯ ಗಳಿಕೆ, ಅಷ್ಟೇ ವರ್ಷ ನೌಕರಿಯಲ್ಲಿದ್ದರೆ ಸಿಗುತ್ತಿದ್ದುದಕ್ಕಿಂತ 35% ಕಡಿಮೆ. ಆದರೆ ಎಲ್ಲರೂ ಹತ್ತು ವರ್ಷ ಹಿಡಿದುಕೊಂಡು ಕೂರುವುದಿಲ್ಲ. ಗುಸ್ತಾವೊ ಮಾನ್ಸೊ 2016ರಲ್ಲಿ ಇದನ್ನೇ ಎತ್ತಿ ಹೇಳಿದರು. ಅನೇಕರು ಪ್ರಯತ್ನಿಸಿ, ಆಗದು ಅಂತ ಕಂಡರೆ ಬೇಗ ನೌಕರಿಗೆ ಮರಳುತ್ತಾರೆ. ಹೀಗೆ ಮರಳಿದವರ ಸಂಬಳಕ್ಕೆ ದೊಡ್ಡ ಪೆಟ್ಟೇನೂ ಬಿದ್ದಿರಲಿಲ್ಲ.

ಮರಳುವ ದಾರಿ ಎಲ್ಲ ವಯಸ್ಸಿಗೂ ಒಂದೇ ಅಗಲ ಇರುವುದಿಲ್ಲ. 28ರವರಿಗೆ ಎರಡು ವರ್ಷದ ಅಂತರ ಅರ್ಜಿಯಲ್ಲಿ ಒಂದು ಸಾಲು ಅಷ್ಟೇ. 52ರವರನ್ನು ಸಂದರ್ಶನಕ್ಕೆ ಕರೆಯುವುದೇ ಕಡಿಮೆ. ಹಾಗಾಗಿ ಐವತ್ತರ ಆಚೀಚೆ ಇರುವವರು ರಾಜೀನಾಮೆ ಕೊಡುವ ಮುಂಚೆ ಒಮ್ಮೆ ಮಾಲೀಕರ ಹತ್ತಿರ ಕೂತು ಮಾತಾಡುವುದು ಒಳ್ಳೆಯದು. ಸಂಬಳವಿಲ್ಲದ ದೀರ್ಘ ರಜೆ, ವಾರಕ್ಕೆ ಮೂರು ದಿನದ ಕೆಲಸ, ಸಲಹೆಗಾರರಾಗಿ ಒಪ್ಪಂದ, ಈ ಮೂರರಲ್ಲಿ ಯಾವುದಾದರೂ ಸಿಗುತ್ತದಾ ಕೇಳಿ. ಎಷ್ಟೋ ಸಲ ಹೀಗೆ ಬಿಟ್ಟು ಬಂದ ಕಂಪನಿಯೇ ಹೊಸ ಉದ್ಯಮದ ಮೊದಲ ಗ್ರಾಹಕ ಆಗಿರುತ್ತದೆ.